ಉಗ್ಗಿಗೆ ಉಸಿರಿನ ಚಿಕಿತ್ಸೆ: ಅದರ ಚರಿತ್ರೆಯೂ ದ್ವಿಭಾಷಿಕರ ಸಾಕ್ಷ್ಯವೂ

೧

ಮಾತು ಉಸಿರಿನಿಂದ ಹುಟ್ಟುವುದೆಂಬುದನ್ನು ಎಲ್ಲ ದೇಶದವರೂ ಬಲು ಹಿಂದೆಯೇ ಅರಿತಿದ್ದರು. ಹೀಗಿರುವಲ್ಲಿ, ಮಾತು ತಡೆದಾಗ ಉಸಿರನ್ನು ತಿದ್ದಬೇಕೆಂಬ ಯೋಚನೆ ಮನುಷ್ಯನಿಗೆ ತಾನಾಗಿಯೇ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಉಗ್ಗುವವನನ್ನು ಕಂಡವರು ಇಂದಿಗೂ ಮೊದಲು ಹೇಳುವ ಮಾತು “ಚೆನ್ನಾಗಿ ಉಸಿರೆಳೆದುಕೊ, ಆಮೇಲೆ ಹೇಳು” ಎಂಬುದೇ. ಈ ಬುದ್ಧಿವಾದಕ್ಕೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಅದರ ಮೇಲೆ ಶಾಸ್ತ್ರಗಳನ್ನು ಕಟ್ಟಿದ್ದಾರೆ, ಶಾಲೆಗಳನ್ನು ನಡೆಸಿದ್ದಾರೆ, ಹಣವನ್ನೂ ಸಂಪಾದಿಸಿದ್ದಾರೆ. ಕೆಲವರಿಗೆ ಗುಣವಾಗಿದೆ, ಬಹುಮಂದಿಗೆ ನಿರಾಶೆಯಾಗಿದೆ. ಆ ಚರಿತ್ರೆಯ ಮುಖ್ಯ ಘಟ್ಟಗಳನ್ನು ಗುರುತಿಸಿ, ಉಸಿರಿಗೂ ಉಗ್ಗಿಗೂ ನಿಜವಾಗಿ ಇರುವ ಸಂಬಂಧವೇನೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಈ ವಿಚಾರದಲ್ಲಿ ಎರಡು ಭಾಷೆಗಳನ್ನಾಡುವ ವಯಸ್ಕರ ಸಾಕ್ಷ್ಯವು ಎಲ್ಲಕ್ಕಿಂತಲೂ ಬೆಲೆಯುಳ್ಳದ್ದೆಂದು ತೋರುವುದರಿಂದ, ಅದನ್ನು ಕೊನೆಯ ಭಾಗದಲ್ಲಿ ಸ್ವಲ್ಪ ವಿಸ್ತಾರವಾಗಿ ಎತ್ತಿಕೊಳ್ಳಲಾಗಿದೆ.

ಮೊದಲು ಶಬ್ದಗಳ ವಿಷಯ. ಕನ್ನಡದಲ್ಲಿ ತೊದಲು, ಉಗ್ಗು ಎಂಬ ಎರಡು ಮಾತುಗಳನ್ನು ಅನೇಕರು ಒಂದೇ ಅರ್ಥದಲ್ಲಿ ಬಳಸುವರು. ಆದರೆ ತೊದಲ್ನುಡಿಯೆಂದರೆ ಎಳೆಯ ಮಗುವಿನ ಮಾತು. ಅಲ್ಲಿ ಅಕ್ಷರವು ಸ್ಪಷ್ಟವಾಗದಿರುವುದೇ ಮುಖ್ಯ, ಮತ್ತು ಅದು ಕೇಳುವವರಿಗೆ ಇಂಪಾದುದು. ಉಗ್ಗಿನಲ್ಲಿ ಅಕ್ಷರದ ಉಚ್ಚಾರಣೆ ತಿಳಿಯದೆ ಇಲ್ಲ, ಹೇಳಬೇಕಾದುದೂ ತಿಳಿದಿದೆ. ಆದರೂ ಅಕ್ಷರವು ಮತ್ತೆ ಮತ್ತೆ ಮರುಕೊಳಿಸುವುದು, ಇಲ್ಲವೆ ಎಳೆದುಕೊಳ್ಳುವುದು, ಇಲ್ಲವೆ ಬಾಯಿ ತೆರೆದಿದ್ದರೂ ಧ್ವನಿಯೇ ಹೊರಡದೆ ನಿಂತುಬಿಡುವುದು. ಈ ಮೂರನೆಯ ಸ್ಥಿತಿಯೇ ಅತ್ಯಂತ ಕಷ್ಟದ್ದು. ಉಸಿರಿನ ಚಿಕಿತ್ಸೆಯೆಲ್ಲ ಮುಖ್ಯವಾಗಿ ಇದನ್ನು ನೋಡಿಯೇ ಹುಟ್ಟಿತು. ನೋಡುವವನ ಕಣ್ಣಿಗೆ ಅಲ್ಲಿ ಉಸಿರು ಕಟ್ಟಿದಂತೆ ಕಾಣುತ್ತದಷ್ಟೆ.

೨

ನಮ್ಮ ದೇಶದ ಶಾಸ್ತ್ರಕಾರರು ಮಾತಿನ ಉತ್ಪತ್ತಿಯನ್ನು ಹೇಗೆ ಭಾವಿಸಿದ್ದರೆಂಬುದನ್ನು ಮೊದಲು ನೋಡುವುದು ಯುಕ್ತ. ಪಾಣಿನೀಯ ಶಿಕ್ಷೆಯಲ್ಲಿ ಹೇಳಿರುವ ಕ್ರಮವಿದು: ಆತ್ಮವು ಬುದ್ಧಿಯೊಡಗೂಡಿ ಅರ್ಥಗಳನ್ನು ಒಂದುಗೂಡಿಸಿ, ನುಡಿಯಬೇಕೆಂಬ ಇಚ್ಛೆಯಿಂದ ಮನಸ್ಸನ್ನು ನಿಯೋಜಿಸುವುದು, ಮನಸ್ಸು ದೇಹದಲ್ಲಿನ ಅಗ್ನಿಯನ್ನು ತಟ್ಟುವುದು, ಅಗ್ನಿಯು ಮಾರುತವನ್ನು ಪ್ರೇರಿಸುವುದು, ಮಾರುತವು ಎದೆಯಲ್ಲಿ ಸಂಚರಿಸಿ ಮಂದ್ರಸ್ವರವನ್ನು ಹುಟ್ಟಿಸಿ, ಮೇಲಕ್ಕೇರಿ, ಮೂರ್ಧವನ್ನು ತಾಕಿ, ಬಾಯನ್ನು ಸೇರಿ ವರ್ಣಗಳಾಗುವುದು. ಹದಿಮೂರನೆಯ ಶತಮಾನದಲ್ಲಿ ನಮ್ಮ ಕೇಶಿರಾಜನೂ ಶಬ್ದಮಣಿದರ್ಪಣದ ಆರಂಭದಲ್ಲಿ ಇದೇ ಸಂಪ್ರದಾಯವನ್ನು ಹಿಡಿದಿರುವನು. ಜೀವನ ಇಚ್ಛೆ, ಅದಕ್ಕೆ ಅನುಕೂಲವಾದ ವಾಯು, ನಾಭಿಯ ಮೂಲ, ಕಹಳೆಯ ಹೋಲಿಕೆ, ಇವಿಷ್ಟರಿಂದ ಶಬ್ದದ ಹುಟ್ಟನ್ನು ಅವನು ವಿವರಿಸುವನು. ಕಹಳೆಯ ಉಪಮೆಯು ಇಲ್ಲಿ ಗಮನಾರ್ಹವಾದುದು. ಕಹಳೆಗೆ ಗಾಳಿಯಿಲ್ಲದೆ ದನಿಯಿಲ್ಲ. ಆದರೆ ಗಾಳಿಯೊಂದೇ ದನಿಯಾಗದು. ಊದುವವನ ಇಚ್ಛೆಯೂ ಬೇಕು, ನಾಳವೂ ತೆರೆದಿರಬೇಕು.

ವೈದ್ಯಶಾಸ್ತ್ರವು ಇದಕ್ಕೆ ಹೊಂದಿಕೆಯಾಗಿಯೇ ಇದೆ. ಚರಕಸಂಹಿತೆಯು ಮಾತಿನ ಪ್ರವೃತ್ತಿಯನ್ನು ಉದಾನವಾಯುವಿನ ಕಾರ್ಯವೆಂದು ಎಣಿಸಿ, ನಾಭಿ ಉರಸ್ಸು ಕಂಠಗಳನ್ನು ಅದರ ಸ್ಥಾನಗಳೆಂದು ಹೇಳುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಕಫದೊಡನೆ ಕೂಡಿದ ವಾಯುವು ಶಬ್ದವನ್ನು ಒಯ್ಯುವ ಧಮನಿಗಳನ್ನು ಮುಚ್ಚಿದಾಗ ಮನುಷ್ಯರು ಮೂಕರೋ ಮಿಣ್ಮಿಣರೋ ಗದ್ಗದರೋ ಆಗುವರೆಂದಿದೆ. ಮೂಗಿನಲ್ಲಿ ನುಡಿಯುವವನು ಮಿಣ್ಮಿಣ. ಮಾತು ತಡೆದು ತಡೆದು ಬರುವವನು ಗದ್ಗದ. ಈ ಮೂವರನ್ನೂ ಒಂದೇ ಕಾರಣದ ಮೂರು ಪ್ರಮಾಣಗಳಂತೆ ಒಂದೆಡೆ ಇಟ್ಟುದನ್ನು ಇಂದಿನ ಶಾಸ್ತ್ರವು ಒಪ್ಪದು. ಆದರೆ ದೋಷವು ಗಾಳಿಯ ಕೊರತೆಯಲ್ಲ, ದಾರಿಯ ತಡೆ ಎಂಬ ಅಂಶವನ್ನು ಸುಶ್ರುತನು ಗ್ರಹಿಸಿದ್ದನೆಂಬುದನ್ನು ಮರೆಯಲಾಗದು.

ಶಿಕ್ಷಾಕಾರರ ಮತ್ತೊಂದು ಮಾತು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಒಳ್ಳೆಯ ಪಾಠಕನಿಗಿರಬೇಕಾದ ಆರು ಗುಣಗಳನ್ನು ಅವರು ಮಾಧುರ್ಯ, ಅಕ್ಷರವ್ಯಕ್ತಿ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯ ಎಂದು ಎಣಿಸಿರುವರು. ಪಾಠದೋಷಗಳಲ್ಲಿ ಶಂಕಿತ, ಭೀತ ಎಂಬ ಎರಡು ಮೊದಲಿಗೇ ಬರುವುವು. ದೀರ್ಘಶ್ವಾಸವೆಂಬುದು ಆ ಆರು ಗುಣಗಳಲ್ಲಿ ಇಲ್ಲ. ಎಲ್ಲಿ ಬಿಡಿಸಿ ಓದಬೇಕೆಂಬ ತಿಳಿವು, ಅಂಜದಿರುವಿಕೆ, ಕಾಲದ ಅಳತೆ ಇವು ಇದ್ದರೆ ಉಸಿರು ತಾನಾಗಿ ಒದಗುವುದೆಂಬುದು ಅವರ ಅಭಿಪ್ರಾಯವಾಗಿದ್ದಿತೆಂದು ತೋರುತ್ತದೆ. ಪಶ್ಚಿಮದ ವಿದ್ವಾಂಸರು ಬಹುಕಾಲ ಸುತ್ತಿ ಕೊನೆಗೆ ಬಂದು ನಿಂತುದು ಹೆಚ್ಚುಕಡಮೆ ಇದೇ ಎಡೆಗೆ ಎಂಬುದು ಮುಂದೆ ತಿಳಿಯಬರುವುದು.

೩

ಪಶ್ಚಿಮದಲ್ಲಿ ಈ ಚರಿತ್ರೆಯು ಡೆಮೋಸ್ತನೀಸನಿಂದ ಮೊದಲಾಗುವುದು ವಾಡಿಕೆ. ಕ್ರಿ. ಪೂ. ೩೮೪ರಿಂದ ೩೨೨ರ ವರೆಗೆ ಬಾಳಿದ ಈ ಅಥೆನ್ಸಿನ ವಾಗ್ಮಿಯು ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತು ಕಲಿತನೆಂಬ ಕಥೆ ನಮ್ಮ ಶಾಲಾಬಾಲಕರಿಗೂ ತಿಳಿದುದೇ. ಪ್ಲೂಟಾರ್ಕನು ಬರೆದಿರುವ ಚರಿತ್ರೆಯನ್ನು ನೋಡಿದರೆ ಕಲ್ಲಿಗಿಂತ ಉಸಿರಿನ ವಿಷಯವೇ ಅಲ್ಲಿ ಹೆಚ್ಚಾಗಿ ಕಾಣುವುದು. ಅವನ ಧ್ವನಿ ದುರ್ಬಲವಾಗಿದ್ದಿತು, ನುಡಿ ಅಸ್ಪಷ್ಟವಾಗಿದ್ದಿತು, ಉಸಿರು ಮೋಟಾಗಿದ್ದುದರಿಂದ ವಾಕ್ಯಗಳು ತುಂಡಾಗಿ ಅರ್ಥ ಕೆಡುತ್ತಿದ್ದಿತು; ಆದಕಾರಣ ಅವನು ಓಡುತ್ತಲೂ ಏರುದಾರಿಯನ್ನು ಹತ್ತುತ್ತಲೂ ಭಾಷಣಗಳನ್ನೂ ಪದ್ಯಗಳನ್ನೂ ಒಂದೇ ಉಸಿರಿಗೆ ಹೇಳಿ ಅಭ್ಯಾಸಮಾಡಿದನು ಎಂದು ಆತನು ಬರೆಯುವನು. ರೋಮಿನ ಸಿಸೆರೋ ಕೂಡ ಇದನ್ನೇ ಹೇಳಿ, ತನ್ನ ವಿದ್ಯೆಯ ಹೆಸರಿನ ಮೊದಲ ಅಕ್ಷರವಾದ ರೇಫವನ್ನೇ ಡೆಮೋಸ್ತನೀಸನು ಆದಿಯಲ್ಲಿ ಉಚ್ಚರಿಸಲಾರದೆ ಇದ್ದನೆನ್ನುವನು. ಇವುಗಳನ್ನು ಕೂಡಿಸಿ ನೋಡಿದರೆ ಅವನಿಗಿದ್ದುದು ಉಗ್ಗೇ ಎಂದು ಖಂಡಿತವಾಗಿ ಹೇಳುವಂತಿಲ್ಲ. ಆದರೂ ಉಗ್ಗನ್ನು ಉಸಿರಿನ ಸಾಧನೆಯಿಂದ ಗೆದ್ದ ಆದಿಪುರುಷನೆಂದು ಮುಂದಿನವರು ಅವನನ್ನೇ ಹಿಡಿದರು. ಒಂದು ಚಿಕಿತ್ಸೆಯ ಕೀರ್ತಿಯು ಅದರ ಮೊದಲ ರೋಗಿಗೆ ಆ ರೋಗವೇ ಇದ್ದಿತೋ ಇಲ್ಲವೋ ಎಂಬ ಸಂಶಯದ ಮೇಲೆ ನಿಂತಿರುವುದು ವಿಚಿತ್ರವಾದರೂ ಸತ್ಯ.

ಕ್ರಿ. ಶ. ಒಂದನೆಯ ಶತಮಾನದ ವೈದ್ಯಗ್ರಂಥಕಾರನಾದ ಸೆಲ್ಸಸನು ನಾಲಗೆಯ ಜಡತೆಗೆ ಹೇಳಿರುವ ಉಪಚಾರಗಳಲ್ಲಿ ಉಸಿರನ್ನು ಬಿಗಿಹಿಡಿಯುವ ಅಭ್ಯಾಸವೂ ಒಂದು. ತಲೆಗೆ ತಣ್ಣೀರು ಸುರಿಯುವುದು, ಮೂಲಂಗಿ ತಿಂದು ವಾಂತಿಮಾಡುವುದು ಅದರ ಜೊತೆಯವು. ಇಲ್ಲಿಂದ ಮುಂದೆ ಬಹುಕಾಲದ ವರೆಗೆ ಐರೋಪ್ಯ ವೈದ್ಯರು ಉಗ್ಗಿನ ದೋಷವನ್ನು ಹೆಚ್ಚಾಗಿ ನಾಲಗೆಯಲ್ಲಿಯೇ ಹುಡುಕಿದರು. ಉಸಿರಿನ ವಾದವು ಮತ್ತೆ ತಲೆಯೆತ್ತಿದುದು ಹತ್ತೊಂಬತ್ತನೆಯ ಶತಮಾನದಲ್ಲಿ.

೪

೧೮೨೭ರಲ್ಲಿ ಸ್ಕಾಟ್ಲೆಂಡಿನ ವೈದ್ಯನಾದ ನೀಲ್ ಆರ್ನಟ್ ಎಂಬಾತನು ತನ್ನ ಭೌತಶಾಸ್ತ್ರದ ಗ್ರಂಥವೊಂದರಲ್ಲಿ ಒಂದು ಹೊಸ ಮಾತನ್ನಾಡಿದನು. ಉಗ್ಗುವಾಗ ತಡೆಯುವುದು ನಾಲಗೆಯಲ್ಲ, ಗಂಟಲಿನ ಕಂಠದ್ವಾರ. ಅದು ಸೆಡೆತುಕೊಂಡು ಮುಚ್ಚಿಕೊಳ್ಳುವುದರಿಂದ ಉಸಿರು ಹೊರಡದು. ಆದುದರಿಂದ ಮಾತಿನ ಮೊದಲಿಗೂ ಪದಪದದ ನಡುವೆಯೂ ಒಂದು ಮೃದುವಾದ ಸ್ವರವನ್ನು ಎಡೆಬಿಡದೆ ಎಳೆಯುತ್ತಿದ್ದರೆ ಕಂಠದ್ವಾರವು ತೆರೆದೇ ಇರುವುದೆಂದು ಅವನು ಹೇಳಿದನು. ಫ್ರಾನ್ಸಿನಲ್ಲಿ ಕೊಲಂಬಾ ಎಂಬ ವೈದ್ಯನು ಆಳವಾಗಿ ಉಸಿರೆಳೆದುಕೊಂಡು, ನಾಲಗೆಯನ್ನು ಹಿಂದಕ್ಕೆ ಸರಿಸಿ, ಬೆರಳುಗಳಿಂದ ತಾಳಹಾಕುತ್ತ ಅಕ್ಷರ ಅಕ್ಷರವನ್ನೂ ಲಯಬದ್ಧವಾಗಿ ನುಡಿಯುವ ಕ್ರಮವನ್ನು ಬಳಕೆಗೆ ತಂದನು; ಇದಕ್ಕಾಗಿ ೧೮೩೩ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಬಹುಮಾನವೂ ಅವನಿಗೆ ದೊರೆಯಿತು. ಗಮಕಿಯ ವಾಚನವನ್ನು ಕೇಳಿಬಲ್ಲ ನಮಗೆ ಈ ಎರಡು ಉಪಾಯಗಳೂ ಅಪರಿಚಿತವಲ್ಲ. ಆಲಾಪದಲ್ಲಿ ಸ್ವರವು ಎಡೆಬಿಡದೆ ಹರಿಯುವುದು. ಷಟ್ಪದಿಯ ಗಣಗಳು ತಾಳವನ್ನೊದಗಿಸುವುವು. ಉಗ್ಗುವವರು ಹಾಡುವಾಗಲೂ ಹತ್ತು ಜನರೊಡನೆ ಒಟ್ಟಾಗಿ ಓದುವಾಗಲೂ ಸಾಮಾನ್ಯವಾಗಿ ಉಗ್ಗುವುದಿಲ್ಲವೆಂಬುದು ಎಲ್ಲೆಲ್ಲಿಯೂ ಕಂಡುಬಂದಿರುವ ಸಂಗತಿ.

ಇದೇ ಕಾಲದಲ್ಲಿ ಒಂದು ಘೋರವಾದ ಪ್ರಯೋಗವೂ ನಡೆಯಿತು. ೧೮೪೧ರಲ್ಲಿ ಬರ್ಲಿನ್ ನಗರದ ಪ್ರಸಿದ್ಧ ಶಸ್ತ್ರವೈದ್ಯನಾದ ಡೀಫೆನ್‌ಬಾಖನು ನಾಲಗೆಯ ಬುಡದ ಮಾಂಸವನ್ನು ಕೊಯ್ದು ಉಗ್ಗನ್ನು ಗುಣಪಡಿಸಲು ಹೊರಟನು. ಅರಿವಳಿಕೆಯ ಔಷಧವು ಶಸ್ತ್ರವೈದ್ಯಕ್ಕೆ ಬಂದುದು ೧೮೪೬ರಲ್ಲಿ. ಆದುದರಿಂದ ಈ ಕೊಯ್ತವೆಲ್ಲ ಎಚ್ಚರವಿದ್ದ ಮೈಮೇಲೆಯೇ ನಡೆಯಿತು. ಫ್ರಾನ್ಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅನೇಕರು ಇದನ್ನು ಅನುಕರಿಸಿದರು. ಕೆಲವು ದಿನಗಳ ಮಟ್ಟಿಗೆ ಉಗ್ಗು ನಿಂತಂತೆ ಕಂಡು ಮತ್ತೆ ಮರಳಿದುದರಿಂದ, ಬೇಗನೆಯೇ ಈ ಕ್ರಮವು ಕೈಬಿಟ್ಟುಹೋಯಿತು. ಉಸಿರಿನ ಚಿಕಿತ್ಸೆಯು ಆಮೇಲೆ ಗಳಿಸಿದ ಗೌರವಕ್ಕೆ ಈ ಭೀಕರ ಅನುಭವವೂ ಒಂದು ಕಾರಣವೆನ್ನಬೇಕು. ಉಸಿರಿನ ಅಭ್ಯಾಸದಿಂದ ಗುಣವಾಗದಿದ್ದರೂ ಗಾಯವಾಗದಷ್ಟೆ.

ಇಂಗ್ಲೆಂಡಿನಲ್ಲಿ ಥಾಮಸ್ ಹಂಟ್ ಎಂಬಾತನು ಕತ್ತಿಯನ್ನೂ ಔಷಧವನ್ನೂ ಬಿಟ್ಟು, ಉಸಿರು ನಾಲಗೆ ತುಟಿ ದವಡೆಗಳನ್ನು ಸ್ವಾಭಾವಿಕವಾದ ಕ್ರಮದಲ್ಲಿ ಬಳಸುವುದನ್ನು ಕಲಿಸುತ್ತಿದ್ದನು. ೧೮೫೧ರಲ್ಲಿ ಅವನು ತೀರಿಕೊಂಡ ಮೇಲೆ ಮಗನಾದ ಜೇಮ್ಸ್ ಹಂಟನು ಆ ವೃತ್ತಿಯನ್ನು ಮುಂದುವರಿಸಿದನು. ಆಲಿಸಳ ಅದ್ಭುತಲೋಕವನ್ನು ಬರೆದ ಲೂಯಿಸ್ ಕ್ಯಾರಲನೂ ಕಾದಂಬರಿಕಾರನೂ ಪಾದ್ರಿಯೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿಯೂ ಇವನ ಶಿಷ್ಯರಾಗಿದ್ದರು. ಕಿಂಗ್ಸ್ಲಿಯು ೧೮೫೯ರಲ್ಲಿ ಉಗ್ಗಿನ ವಿಷಯವಾಗಿ ಒಂದು ಪ್ರಬಂಧವನ್ನೇ ಬರೆದನು. ಸಂಭಾಷಣೆಯಲ್ಲಿ ಬಹಳವಾಗಿ ಉಗ್ಗುತ್ತಿದ್ದ ಆತನು ಉಪದೇಶಪೀಠವನ್ನು ಏರಿದಾಗ ಅಷ್ಟಾಗಿ ಉಗ್ಗುತ್ತಿರಲಿಲ್ಲವೆಂದು ಹೇಳುವರು. ಪುಪ್ಪುಸಗಳು ಎರಡೆಡೆಯಲ್ಲಿಯೂ ಅವೇ ಆಗಿದ್ದರೂ ಮಾತು ಬೇರೆಬೇರೆಯಾಗಿದ್ದಿತು. ಈ ಸಂಗತಿಯು ಉಸಿರಿನ ವಾದಕ್ಕೆ ಎಂತಹ ತೊಡಕೆಂಬುದನ್ನು ಆಗ ಯಾರೂ ಅಷ್ಟಾಗಿ ಯೋಚಿಸಿದಂತೆ ಕಾಣದು.

೫

ಉಸಿರಿನ ಚಿಕಿತ್ಸೆಯನ್ನು ಒಂದು ಪಾಠಕ್ರಮವನ್ನಾಗಿ ಮಾಡಿದವರು ಜರ್ಮನಿಯವರು. ಬರ್ಲಿನ್ನಿನಲ್ಲಿ ಕಿವುಡಮಕ್ಕಳ ಉಪಾಧ್ಯಾಯನಾಗಿದ್ದ ಆಲ್ಬರ್ಟ್ ಗುಟ್ಸ್‌ಮಾನನು ೧೮೭೯ರಲ್ಲಿ ಉಗ್ಗಿನ ನಿವಾರಣೆಯ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದನು. ವೈದ್ಯನಾದ ಅವನ ಮಗ ಹರ್ಮಾನ್ ಗುಟ್ಸ್‌ಮಾನನು ಆ ಕ್ರಮವನ್ನು ವಿಶ್ವವಿದ್ಯಾನಿಲಯದ ವಿದ್ಯೆಯ ಮಟ್ಟಕ್ಕೆ ಏರಿಸಿದನು. ಮೊದಲು ಧ್ವನಿಯಿಲ್ಲದೆ ಉಸಿರಾಟ, ಆಮೇಲೆ ಪಿಸುನುಡಿ, ಆಮೇಲೆ ಸ್ವರಗಳು, ಅನಂತರ ಗುಣಿತಾಕ್ಷರ, ಪದ, ವಾಕ್ಯ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಅವರ ಪದ್ಧತಿ. ನಮ್ಮಲ್ಲಿ ಸಂಗೀತವನ್ನು ಸರಳೆಯಿಂದ ಕಲಿಸುವಂತೆ ಅವರು ಮಾತನ್ನು ಬುಡದಿಂದ ಮತ್ತೆ ಕಲಿಸಿದರು.

ಈ ಪಂಥದವರ ಮುಖ್ಯವಾದ ಉಪಕಾರವು ಚಿಕಿತ್ಸೆಗಿಂತಲೂ ಅಳತೆಯಲ್ಲಿದೆ. ಎದೆಗೂ ಹೊಟ್ಟೆಗೂ ಪಟ್ಟಿಗಳನ್ನು ಕಟ್ಟಿ, ಅವುಗಳ ಏರಿಳಿತವನ್ನು ಮಸಿಹಿಡಿದ ಕಾಗದದ ಮೇಲೆ ಗೆರೆಯಾಗಿ ಬರೆಯುವ ನ್ಯೂಮೊಗ್ರಾಫ್ ಎಂಬ ಯಂತ್ರವು ಬಳಕೆಗೆ ಬಂದಿತು. ಅದರಿಂದ ತಿಳಿದುದೇನೆಂದರೆ: ಸುಮ್ಮನೆ ಇರುವಾಗ ನಾವು ಉಸಿರನ್ನು ಒಳಗೆಳೆದುಕೊಳ್ಳುವುದಕ್ಕೂ ಹೊರಗೆ ಬಿಡುವುದಕ್ಕೂ ಹಿಡಿಯುವ ಕಾಲದಲ್ಲಿ ಬಹಳ ವ್ಯತ್ಯಾಸವಿಲ್ಲ, ಹತ್ತರಲ್ಲಿ ಸುಮಾರು ನಾಲ್ಕು ಪಾಲು ಒಳಕ್ಕೆ, ಆರು ಪಾಲು ಹೊರಕ್ಕೆ. ಮಾತನಾಡುವಾಗ ಈ ಪ್ರಮಾಣವು ಪೂರ್ತಿಯಾಗಿ ಬದಲಾಗಿ, ಒಂದು ಪಾಲು ಕಾಲದಲ್ಲಿ ಥಟ್ಟನೆ ಒಳಗೆಳೆದು ಒಂಬತ್ತು ಪಾಲು ಕಾಲ ಮೆಲ್ಲಗೆ ಹೊರಗೆ ಬಿಡುವೆವು. ಉಗ್ಗುವಾಗ ಎದೆಯೂ ಹೊಟ್ಟೆಯೂ ಒಂದಕ್ಕೊಂದು ಎದುರಾಗಿ ಚಲಿಸುವುದುಂಟು. ಉಸಿರು ನಡುವೆ ನಿಲ್ಲುವುದುಂಟು. ಒಳಗೆಳೆಯುತ್ತಲೇ ಮಾತನಾಡುವ ಪ್ರಯತ್ನವೂ ಉಂಟು. ಇಷ್ಟನ್ನು ಕಂಡವರು ‘ಕಾರಣ ಸಿಕ್ಕಿತು’ ಎಂದುಕೊಂಡುದು ಸಹಜವೇ.

ಆದರೆ ಅದೇ ಯಂತ್ರವೇ ಕ್ರಮೇಣ ಈ ತೀರ್ಮಾನವನ್ನು ಸಡಿಲಿಸಿತು. ೧೯೧೪ರಲ್ಲಿ ಅಮೆರಿಕದ ಫ್ಲೆಚರ್ ಎಂಬ ಮನಶ್ಶಾಸ್ತ್ರಜ್ಞನೂ ೧೯೨೭ರಲ್ಲಿ ಅಯೋವ ವಿಶ್ವವಿದ್ಯಾನಿಲಯದ ಟ್ರಾವಿಸನೂ ಉಗ್ಗುವವರ ಉಸಿರನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಇಂತಹ ಪರೀಕ್ಷೆಗಳಿಂದ ಎರಡು ವಿಷಯಗಳು ಗೊತ್ತಾದುವು. ಒಂದು, ಉಗ್ಗುವವನು ಸುಮ್ಮನಿರುವಾಗ ಅವನ ಉಸಿರಾಟವು ಇತರರಂತೆಯೇ ಇರುವುದು. ಕೆಡುವುದು ಉಗ್ಗಿನ ಗಳಿಗೆಯಲ್ಲಿ. ಎರಡು, ಭಯ ಬೆರಗು ಮೊದಲಾದ ಭಾವಗಳಲ್ಲಿ ಉಗ್ಗದವರ ಉಸಿರೂ ಬಹುಮಟ್ಟಿಗೆ ಹೀಗೆಯೇ ಕೆಡುವುದು. ಅಂದಮೇಲೆ ಕೆಟ್ಟ ಉಸಿರು ಉಗ್ಗಿನ ತಾಯಲ್ಲ, ಒಡಹುಟ್ಟು. ಇಲ್ಲವೆ ಅದರ ಮಗು. ಕಾಲಿಗೆ ಮುಳ್ಳು ಚುಚ್ಚಿದವನು ಕುಂಟುವನು; ಕುಂಟುವುದನ್ನು ತಿದ್ದಿದರೆ ಮುಳ್ಳು ಬಾರದು.

ಇಷ್ಟಾದರೂ ಉಸಿರಿನ ಚಿಕಿತ್ಸೆಯಿಂದ ಫಲಪಡೆದವರು ಇಲ್ಲವೆನ್ನುವಂತಿಲ್ಲ. ಇಂಗ್ಲೆಂಡಿನ ಆರನೆಯ ಜಾರ್ಜ್ ದೊರೆಯ ವೃತ್ತಾಂತವು ಲೋಕಪ್ರಸಿದ್ಧವಾದುದು. ಆತನು ಇನ್ನೂ ಯಾರ್ಕಿನ ಡ್ಯೂಕನಾಗಿದ್ದಾಗ, ೧೯೨೫ರ ಅಕ್ಟೋಬರ್ ೩೧ರಂದು ವೆಂಬ್ಲಿಯ ಪ್ರದರ್ಶನದ ಮುಕ್ತಾಯಭಾಷಣದಲ್ಲಿ ಬಹಳ ಸಂಕಟಪಟ್ಟನು. ೧೯೨೬ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದವನಾದ ಲಯೊನೆಲ್ ಲಾಗ್ ಎಂಬ ವಾಕ್ಶಿಕ್ಷಕನ ಬಳಿಗೆ ಹೋದನು. ವಪೆಯಿಂದ ಉಸಿರಾಡುವುದು, ತೆರೆದ ಕಿಟಕಿಯ ಮುಂದೆ ನಿಂತು ಸ್ವರಗಳನ್ನು ನೀಳವಾಗಿ ಹೇಳುವುದು ಮೊದಲಾದುವು ಅಲ್ಲಿಯ ಪಾಠಗಳು. ೧೯೨೭ರ ಮೇ ೯ರಂದು ಕ್ಯಾನ್‌ಬೆರದ ಪಾರ್ಲಿಮೆಂಟ್ ಭವನವನ್ನು ತೆರೆದಾಗ ಭಾಷಣವು ನಿರ್ವಿಘ್ನವಾಗಿ ನಡೆಯಿತು. ಆದರೆ ಲಾಗನು ಉಸಿರನ್ನು ಮಾತ್ರ ತಿದ್ದಿದನೇ? ಭಾಷಣಗಳ ಪ್ರತಿಯಲ್ಲಿ ಕಠಿನವಾದ ಪದಗಳನ್ನು ತೆಗೆದು ಬೇರೆಯವನ್ನಿಡುವುದು, ನಿಲ್ಲಬೇಕಾದೆಡೆಗಳನ್ನು ಗುರುತುಮಾಡುವುದು, ಪಕ್ಕದಲ್ಲಿದ್ದು ಧೈರ್ಯಹೇಳುವುದು ಇವೂ ಅವನ ಕೆಲಸವಾಗಿದ್ದುವು. ೧೯೩೯ರ ಸೆಪ್ಟೆಂಬರ್ ೩ರಂದು ಯುದ್ಧಾರಂಭದ ಭಾಷಣವನ್ನು ದೊರೆಯು ರೇಡಿಯೋದಲ್ಲಿ ಮಾಡಿದಾಗಲೂ ಲಾಗನು ಜೊತೆಯಲ್ಲಿದ್ದನು. ಹದಿಮೂರು ವರ್ಷಗಳಾದರೂ ಗುರುವು ಬೇಕಾಗಿದ್ದನೆಂದರೆ, ಉಗ್ಗು ಹೋಗಿರಲಿಲ್ಲ. ಅದರೊಡನೆ ಬಾಳುವ ಜಾಣ್ಮೆ ಬಂದಿದ್ದಿತು. ಶಿಕ್ಷಾಕಾರರು ಹೇಳಿದ ಪದಚ್ಛೇದವೂ ಧೈರ್ಯವೂ ಇಲ್ಲಿ ನೆನಪಿಗೆ ಬಾರದೆ ಇರವು.

೬

ಇನ್ನು ಎರಡು ಭಾಷೆಗಳ ವಿಷಯ. ಇಷ್ಟರ ವರೆಗೆ ಹೇಳಿದ ಪ್ರಯೋಗಗಳಲ್ಲಿ ರೋಗಿಗೆ ಒಂದೇ ಭಾಷೆಯೆಂಬ ಭಾವನೆ ಮೂಡಿಬರುವುದು. ಆದರೆ ಲೋಕದಲ್ಲಿ, ಅದರಲ್ಲಿಯೂ ನಮ್ಮ ದೇಶದಲ್ಲಿ, ಒಂದೇ ನುಡಿಯವರು ವಿರಳ. ಎರಡು ನುಡಿಗಳನ್ನಾಡುವ ಉಗ್ಗುಳ್ಳವನು ಈ ಶಾಸ್ತ್ರಕ್ಕೆ ಒಂದು ಸಹಜವಾದ ಪರೀಕ್ಷಾಶಾಲೆಯಿದ್ದಂತೆ. ಪುಪ್ಪುಸ ಒಂದು, ಗಂಟಲು ಒಂದು, ನಾಲಗೆ ಒಂದು, ಮನುಷ್ಯನೂ ಒಬ್ಬನೇ. ಬದಲಾಗುವುದು ನುಡಿ ಮಾತ್ರ.

ಈ ವಿಷಯವನ್ನು ಎಣಿಕೆಗೆ ಮೊದಲು ತಂದುದು ೧೯೩೭ರಲ್ಲಿ. ಮೇಲೆ ಹೇಳಿದ ಟ್ರಾವಿಸನೂ ಅವನ ಸಹೋದ್ಯೋಗಿಗಳೂ ಅಮೆರಿಕದ ಇಂಡಿಯಾನ ಸಂಸ್ಥಾನದ ಈಸ್ಟ್ ಚಿಕಾಗೋ ಊರಿನ ಶಾಲೆಗಳಲ್ಲಿ ೪,೮೨೭ ಮಕ್ಕಳನ್ನು ಪರೀಕ್ಷಿಸಿದರು. ಇಂಗ್ಲಿಷೊಂದನ್ನೇ ಆಡುವ ಮಕ್ಕಳಲ್ಲಿ ನೂರಕ್ಕೆ ೧.೮ ಮಂದಿಯೂ ಎರಡು ಭಾಷೆಯವರಲ್ಲಿ ನೂರಕ್ಕೆ ೨.೮ ಮಂದಿಯೂ ಉಗ್ಗುತ್ತಿದ್ದರು. ಈ ಒಂದು ಅಂಕದಿಂದ ಬಹಳ ಅನರ್ಥವುಂಟಾಯಿತು. ಎರಡನೆಯ ಭಾಷೆಯೇ ಉಗ್ಗಿಗೆ ಕಾರಣವೆಂದೂ ಉಗ್ಗುವ ಮಗುವಿಗೆ ಮನೆಯ ಭಾಷೆಯನ್ನು ಬಿಡಿಸಬೇಕೆಂದೂ ಅನೇಕರು ತಂದೆತಾಯಿಗಳಿಗೆ ಬೋಧಿಸತೊಡಗಿದರು. ಆ ಊರು ಉಕ್ಕಿನ ಕಾರ್ಖಾನೆಗಳ ಊರು. ಎರಡು ಭಾಷೆಯ ಮಕ್ಕಳೆಂದರೆ ಬಹುಮಟ್ಟಿಗೆ ಹೊರದೇಶಗಳಿಂದ ಬಂದ ಕೂಲಿಕಾರರ ಮಕ್ಕಳು. ಕಾಲವೋ ಆರ್ಥಿಕ ಮುಗ್ಗಟ್ಟಿನ ಕಾಲ. ಆ ವ್ಯತ್ಯಾಸದಲ್ಲಿ ಭಾಷೆಯ ಪಾಲೆಷ್ಟು, ಬಡತನ ಮತ್ತು ಅಪರಿಚಿತಸ್ಥಿತಿಗಳ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಎರಡು ನುಡಿಯೇ ಕಾರಣವಾಗಿದ್ದರೆ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡವನ್ನು ಕಲಿಯುವ ನಮ್ಮ ಕರಾವಳಿಯಲ್ಲಿ ಸರಾಗವಾಗಿ ಮಾತನಾಡುವವರನ್ನು ಹುಡುಕಬೇಕಾಗಿದ್ದಿತು.

ಭಾಷೆಯ ಪಲ್ಲಟದಿಂದ ನೋವಿಲ್ಲವೆಂದಲ್ಲ. ಇಂಗ್ಲಿಷ್ ಲೇಖಕನಾದ ಸಾಮರ್ಸೆಟ್ ಮಾಮನು ೧೮೭೪ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ ಫ್ರೆಂಚನ್ನೇ ಮೊದಲ ನುಡಿಯಾಗಿ ಆಡಿ ಬೆಳೆದವನು. ಹತ್ತು ವರ್ಷದವನಾಗುವ ಹೊತ್ತಿಗೆ ತಾಯಿಯನ್ನೂ ಹತ್ತನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡು, ೧೮೮೪ರಲ್ಲಿ ಇಂಗ್ಲೆಂಡಿನ ಪಾದ್ರಿಯಾದ ಚಿಕ್ಕಪ್ಪನ ಮನೆಗೆ ಬಂದನು. ಶಾಲೆಯಲ್ಲಿ ಅವನ ಅರೆಬರೆ ಇಂಗ್ಲಿಷನ್ನು ಹುಡುಗರು ಹಾಸ್ಯಮಾಡಿದರು. ಉಗ್ಗು ಅವನನ್ನು ಬಾಳಿನುದ್ದಕ್ಕೂ ಬಿಡಲಿಲ್ಲ. ೧೯೧೫ರ ತನ್ನ ಕಾದಂಬರಿಯ ನಾಯಕನಿಗೆ ಅವನು ಕೊಟ್ಟ ಸೊಟ್ಟಕಾಲು ತನ್ನ ಉಗ್ಗಿನ ರೂಪಾಂತರವೆಂದು ವಿಮರ್ಶಕರು ಹೇಳುವರು. ಇಲ್ಲಿ ಅವನನ್ನು ಕಾಡಿದುದು ಎರಡು ನುಡಿಗಳೇ ಅಥವಾ ತಬ್ಬಲಿತನವೂ ಅಪಹಾಸ್ಯವೂ ಸೇರಿಯೇ ಎಂಬುದನ್ನು ವಾಚಕರೇ ವಿಚಾರಿಸಬಹುದು.

ವಯಸ್ಕರಾದ ದ್ವಿಭಾಷಿಕರ ಮೇಲೆ ನಡೆದ ಪರೀಕ್ಷೆಗಳಲ್ಲಿ ಒಂದು ನಮ್ಮ ನುಡಿಗೇ ಸೇರಿದುದು. ೧೯೮೩ರಲ್ಲಿ ಎಂ. ಜಯರಾಮ್ ಅವರು ಕನ್ನಡವೊಂದನ್ನೇ ಆಡುವವರನ್ನೂ ಕನ್ನಡ ಇಂಗ್ಲಿಷ್ ಎರಡನ್ನೂ ಆಡುವವರನ್ನೂ ಪರೀಕ್ಷಿಸಿ, ಯಾವ ಯಾವ ಬಗೆಯ ಧ್ವನಿಗಳ ಮೇಲೆ ಉಗ್ಗು ಬರುವುದೆಂಬುದನ್ನು ಪ್ರಕಟಿಸಿದರು. ಎರಡು ಭಾಷೆಗಳಲ್ಲಿಯೂ ಅದರ ಹಂಚಿಕೆಯು ಬಹುಮಟ್ಟಿಗೆ ಒಂದೇ ರೀತಿಯಾಗಿದ್ದಿತು. ೧೯೮೮ರಲ್ಲಿ ನೈಜೀರಿಯದ ಈಬೋ ಮತ್ತು ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲವರನ್ನು ಎನ್ವೊಕಾ ಎಂಬ ವಿದುಷಿಯು ಪರೀಕ್ಷಿಸಿದಾಗ, ಕೆಲವರು ಈಬೋದಲ್ಲಿಯೂ ಕೆಲವರು ಇಂಗ್ಲಿಷಿನಲ್ಲಿಯೂ ಹೆಚ್ಚಾಗಿ ಉಗ್ಗುವುದು ಕಂಡುಬಂದಿತು. ೨೦೦೮ರಲ್ಲಿ ಸಿಂಗಪುರದ ಇಂಗ್ಲಿಷ್ ಮತ್ತು ಮ್ಯಾಂಡರಿನ್ ಭಾಷಿಕರ ವಿಷಯವಾಗಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಭಾಷೆ ಬಲವಾಗಿರುವವರು ಬಲವಿಲ್ಲದ ಇನ್ನೊಂದರಲ್ಲಿ ಹೆಚ್ಚಾಗಿ ಉಗ್ಗಿದರು. ಎರಡೂ ಸಮನಾಗಿ ಬರುವವರು ಎರಡರಲ್ಲಿಯೂ ಸಮನಾಗಿಯೇ ಉಗ್ಗಿದರು.

ಇವುಗಳಿಂದ ಎರಡು ತೀರ್ಮಾನಗಳು ಹೊರಡುವುವು. ಉಗ್ಗಿನ ಬಗೆಯು ಎರಡು ನುಡಿಗಳಲ್ಲಿಯೂ ಒಂದೇ ಆಗಿರುವುದರಿಂದ ಅದು ಒಂದು ಭಾಷೆಗೆ ಅಂಟಿದ ದೋಷವಲ್ಲ, ಆಡುವವನ ಮಾತಿನ ಕಟ್ಟಣೆಗೆ ಸೇರಿದುದು. ಉಗ್ಗಿನ ಪ್ರಮಾಣವು ನುಡಿಯಿಂದ ನುಡಿಗೆ ಬದಲಾಗುವುದರಿಂದ ಅದು ಪುಪ್ಪುಸದ ದೋಷವೂ ಅಲ್ಲ. ಉಸಿರು ದುರ್ಬಲವಾಗಿದ್ದರೆ ಎರಡರಲ್ಲಿಯೂ ಸಮನಾಗಿ ದುರ್ಬಲವಾಗಿರಬೇಕಾಗಿದ್ದಿತಷ್ಟೆ. ತಡೆಯುಂಟಾಗುವುದು ಶಿಕ್ಷಾಕಾರರು ಹೇಳಿದ ಸರಪಳಿಯಲ್ಲಿ ಮಾರುತಕ್ಕಿಂತ ಮೇಲಿನ ಕೊಂಡಿಗಳಲ್ಲಿ, ಮಾತನ್ನು ಜೋಡಿಸಿ ಸಕಾಲಕ್ಕೆ ಅವಯವಗಳಿಗೆ ಒಪ್ಪಿಸುವ ಎಡೆಯ ಸುತ್ತಮುತ್ತ. ಇಂದಿನ ಶಾಸ್ತ್ರಜ್ಞರು ಮಿದುಳಿನ ರಚನೆಯಲ್ಲಿಯೂ, ೨೦೧೦ರಿಂದೀಚೆಗೆ ಕೆಲವು ವಂಶಗಳ ಜೀನ್‌ಗಳಲ್ಲಿಯೂ ಇದರ ಬೇರುಗಳನ್ನು ಕಾಣುತ್ತಿರುವರು. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇರುವುದೆಂದೂ, ಹೆಚ್ಚಾಗಿ ಎರಡರಿಂದ ಐದು ವಯಸ್ಸಿನೊಳಗೆ ಮೊದಲಾಗುವುದೆಂದೂ ಅವರು ಹೇಳುವರು.

೭

ಹಾಗಾದರೆ ಉಸಿರಿನ ಅಭ್ಯಾಸವು ನಿರರ್ಥಕವೇ? ಅಲ್ಲ. ೧೯೭೪ರಲ್ಲಿ ಅಮೆರಿಕದ ಏಜ್ರಿನ್ ಮತ್ತು ನನ್ ಎಂಬುವರು ‘ನಿಯಮಿತ ಶ್ವಾಸ’ದ ಕ್ರಮವೊಂದನ್ನು ಪ್ರಕಟಿಸಿದರು. ಉಗ್ಗು ಬಂದೊಡನೆ ಮಾತನ್ನು ನಿಲ್ಲಿಸುವುದು, ಉಳಿದ ಉಸಿರನ್ನು ಬಿಟ್ಟು ಮೆಲ್ಲಗೆ ಹೊಸದಾಗಿ ಎಳೆದುಕೊಳ್ಳುವುದು, ಎದೆಗಂಟಲುಗಳನ್ನು ಸಡಿಲಿಸುವುದು, ಹೇಳಬೇಕಾದುದನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳುವುದು, ಸ್ವಲ್ಪ ಉಸಿರು ಹೊರಟ ಮೇಲೆ ಮಾತನ್ನಾರಂಭಿಸುವುದು, ಚಿಕ್ಕ ಚಿಕ್ಕ ವಾಕ್ಖಂಡಗಳಲ್ಲಿ ನುಡಿಯುವುದು. ಮೊದಲ ವರದಿಯಲ್ಲಿ ಕಂಡ ಆಶ್ಚರ್ಯಕರವಾದ ಫಲವು ಬೇರೆಯವರ ಪರೀಕ್ಷೆಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ಆದರೂ ಪ್ರಯೋಜನವುಂಟೆಂಬುದನ್ನು ಅನೇಕರು ಒಪ್ಪಿದರು. ಮೇಲಿನ ಅಂಗಗಳನ್ನು ಎಣಿಸಿ ನೋಡಿದರೆ ಉಸಿರಿಗೆ ಸೇರಿದುವು ಅರ್ಧದಷ್ಟು ಮಾತ್ರ. ಉಳಿದುವು ಬಿಡುವು, ಯೋಚನೆ, ಮೆಲ್ಲನೆಯ ಆರಂಭ, ಪದಚ್ಛೇದ. ಉಸಿರು ಇಲ್ಲಿ ಔಷಧವಲ್ಲ, ಅನುಪಾನ. ಔಷಧವನ್ನು ಒಳಗೆ ಒಯ್ಯುವುದು ಅದರ ಕೆಲಸ.

ನಮ್ಮಲ್ಲಿ ಪ್ರಾಣಾಯಾಮವನ್ನು ಉಗ್ಗಿಗೆ ಮದ್ದೆಂದು ಹೇಳುವವರು ಉಂಟು. ಅದರಿಂದ ಮನಸ್ಸಿಗೆ ಶಾಂತಿಯೂ ಮೈಗೆ ಸಡಿಲವೂ ದೊರೆಯುವಷ್ಟು ಮಟ್ಟಿಗೆ ಉಪಕಾರವಾಗಬಹುದು. ಆದರೆ ಪ್ರಾಣಾಯಾಮವು ಮೌನದ ಉಸಿರು. ಮಾತಿನ ಉಸಿರಿನ ಲೆಕ್ಕವೇ ಬೇರೆಯೆಂಬುದನ್ನು ಮೇಲೆ ನೋಡಿದೆವು. ಅದರಲ್ಲಿಯೂ ಕುಂಭಕವನ್ನು ಅಭ್ಯಾಸಮಾಡಿದವನು ಮಾತಿನ ಮೊದಲಲ್ಲಿ ಉಸಿರನ್ನು ಬಿಗಿಹಿಡಿದರೆ, ಆರ್ನಟನು ಹೇಳಿದ ಕಂಠದ್ವಾರದ ತಡೆಯನ್ನು ತಾನೇ ಕರೆತಂದಂತಾಗುವುದು.

ಎರಡು ಭಾಷೆಯವನಿಗೆ ಕಲಿಸುವಲ್ಲಿ ಇನ್ನೊಂದು ಸೂಕ್ಷ್ಮವುಂಟು. ಇಂಗ್ಲಿಷಿನಲ್ಲಿ ವಾಕ್ಯವು ಅನೇಕ ವೇಳೆ ಚಿಕ್ಕ ಚಿಕ್ಕ ಪದಗಳಿಂದ ಮೊದಲಾಗಿ ಮುಖ್ಯಪದಕ್ಕೆ ಬರುವುದು. ಕನ್ನಡದಲ್ಲಿ ಮುಖ್ಯವಾದ ನಾಮಪದವೇ ಮೊದಲು ನಿಲ್ಲುವುದು, ಪ್ರತ್ಯಯಗಳು ಹಿಂದೆ ಅಂಟುವುವು, ಕ್ರಿಯಾಪದವು ಕೊನೆಗೆ. ಸಂಧಿಯಿಂದ ಪದಗಳು ಬೆಸೆದುಕೊಳ್ಳುವುದರಿಂದ ಉಸಿರಿಗೆ ಎಡೆ ಸಿಗುವುದು ‘ಬಂದು’, ‘ನೋಡಿ’, ‘ಹೇಳಿದರೆ’ ಎಂಬಂತಹ ಅಪೂರ್ಣಕ್ರಿಯೆಗಳ ಬಳಿ. ಆದಕಾರಣ ಇಂಗ್ಲಿಷ್ ಪಾಠವನ್ನು ಅನುಸರಿಸಿ ಉಸಿರಿನ ಗುರುತುಗಳನ್ನು ಹಾಕಿಕೊಟ್ಟರೆ ಕನ್ನಡದ ಮಾತು ಕುಂಟುವುದು. ಒಂದು ಭಾಷೆಯಲ್ಲಿ ಕಲಿತ ಸರಾಗವು ಅನೇಕರಲ್ಲಿ ಇನ್ನೊಂದಕ್ಕೂ ಹರಿಯುವುದೆಂದು ಅನುಭವಿಗಳು ಹೇಳುವರು. ಆದರೆ ಎಲ್ಲರಲ್ಲಿಯೂ ಸಮನಾಗಿ ಅಲ್ಲ. ಎರಡರಲ್ಲಿಯೂ ಅಭ್ಯಾಸಮಾಡಿಸುವುದೇ ಕ್ಷೇಮ. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಎಡೆಗಳು ನಮ್ಮ ನಾಡಿನಲ್ಲಿಯೇ ಇರುವುದರಿಂದ, ಇಂತಹ ಪಾಠವನ್ನು ಪರದೇಶದಿಂದ ತರಿಸಬೇಕಾದ ಅಗತ್ಯವಿಲ್ಲ.

ಉಗ್ಗುವ ದ್ವಿಭಾಷಿಕನು ಮತ್ತೊಂದು ಉಪಾಯವನ್ನು ಗುಟ್ಟಾಗಿ ಬಳಸುತ್ತಿರುವನು. ಒಂದು ನುಡಿಯಲ್ಲಿ ತಡೆಯುವ ಪದಕ್ಕೆ ಬದಲಾಗಿ ಇನ್ನೊಂದರ ಪದವನ್ನು ಇಟ್ಟು ದಾಟಿಬಿಡುವನು. ಕೇಳುವವರಿಗೆ ಅದು ಇಂಗ್ಲಿಷಿನ ವ್ಯಾಮೋಹವಾಗಿ ಕಾಣಬಹುದು. ಕನ್ನಡದ ಉಪಾಧ್ಯಾಯರು ಗದರಿಸಿದರೂ ಗದರಿಸಬಹುದು. ಆದರೆ ಅವನು ಪಲ್ಲಟಿಸಲಾಗದ ಒಂದು ಪದವುಂಟು. ಅದು ಅವನ ಹೆಸರು. ಹಾಜರಿಯ ಹೊತ್ತಿನಲ್ಲಿ, ಸಂದರ್ಶನದ ಕೊಠಡಿಯಲ್ಲಿ, ಹೊಸಬರ ಪರಿಚಯದಲ್ಲಿ ಮೊದಲು ಕೇಳುವುದು ಅದನ್ನೇ.

ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಸಾಹಿತ್ಯವನ್ನು ಪಾಠಹೇಳುವವರು. ಇಷ್ಟು ದೀರ್ಘವಾದ ಚರಿತ್ರೆಯಿಂದ ಅವರ ತರಗತಿಗೆ ಒದಗುವುದು ಸ್ವಲ್ಪವೇ ಆದರೂ ಉಪಯುಕ್ತವಾದುದು. ಉಗ್ಗಿನ ನಡುವೆ ಸಿಕ್ಕಿಕೊಂಡಿರುವವನಿಗೆ ಉಸಿರೆಳೆದುಕೊ ಎನ್ನಬಾರದು; ಆಗ ಅವನ ಉಸಿರು ಅವನ ವಶದಲ್ಲಿಲ್ಲ, ಆ ಮಾತಿನಿಂದ ಅವನ ತಡೆಯ ಕಡೆಗೆ ಇತರರ ಕಣ್ಣು ತಿರುಗುವುದಷ್ಟೆ. ಅವನ ಪದವನ್ನು ನಾವು ಹೇಳಿ ಮುಗಿಸಬಾರದು. ಸಾಲಿನಲ್ಲಿ ಒಬ್ಬೊಬ್ಬರಾಗಿ ಓದಿಸುವಾಗ ಸರದಿ ಹತ್ತಿರವಾದಂತೆಲ್ಲ ಅವನ ಭಯವು ಬೆಳೆಯುವುದರಿಂದ, ಮೊದಲು ಎಲ್ಲರೂ ಕೂಡಿ ಓದುವುದನ್ನೂ ಆಮೇಲೆ ಇಬ್ಬರು ಕೂಡಿ ಓದುವುದನ್ನೂ ಬಳಕೆಗೆ ತರಬಹುದು. ಮನೆಯ ನುಡಿಯನ್ನು ಬಿಡಿಸಿರೆಂದು ತಂದೆತಾಯಿಗಳಿಗೆ ಹೇಳಬಾರದು. ಎಲ್ಲಕ್ಕೂ ಮಿಗಿಲಾಗಿ, ಅವನು ಹೇಳಿ ಮುಗಿಸುವ ವರೆಗೆ ಕಾದಿರಬೇಕು. ಡೆಮೋಸ್ತನೀಸನಿಂದ ಇಂದಿನ ವರೆಗೆ ಹೇಳಿದ ಚಿಕಿತ್ಸೆಗಳೆಲ್ಲ ಉಗ್ಗುವವನು ಮಾಡಬೇಕಾದುವೇ ಆಗಿವೆ. ಕೇಳುವವನು ಮಾಡಬೇಕಾದುದು ಇದೊಂದೇ. ಶಿಕ್ಷಾಕಾರರು ಪಾಠಕನಲ್ಲಿ ಬಯಸಿದ ಧೈರ್ಯವು ಅವನೊಬ್ಬನ ಎದೆಯಲ್ಲಿಯೇ ಹುಟ್ಟತಕ್ಕುದಲ್ಲ, ಅರ್ಧವಾದರೂ ಕೇಳುವವರಿಂದ ಬರತಕ್ಕುದು.